ಬಾಣಂತಿ ಕೋಣೆಯ ಮತಗಟ್ಟೆ

೨೩ ಏಪ್ರಿಲ್ ೨೦೨೪, ಮಂಗಳವಾರ

ಇಂಡಿಯಿಂದ ಹೊರಟ ಬಸ್ಸು ಬಸವನ ಬಾಗೇವಾಡಿ ಮುಟ್ಟುವ ಹೊತ್ತಿಗೆ ಕಿಟಕಿಯ ಸರಳು ಮುಟ್ಟಲಾಗದಷ್ಟು ಕಾದಿತ್ತು. ಹದಿನೈದು ದಿನ ಸುನಂದಾ ಮಾವಶಿಯ ಮನೆಯಲ್ಲಿರಬೇಕು. ಅವಳು ಅವ್ವನ ತಂಗಿ, ಒಬ್ಬಳೇ ಇರುತ್ತಾಳೆ, ಬಟ್ಟೆ ಹೊಲಿಯುತ್ತಾಳೆ, ಮಾತಿಗೆ ಯಾರಾದರೂ ಸಿಕ್ಕರೆ ಹೆಂಚಿನ ಮೇಲಿನ ರೊಟ್ಟಿಯನ್ನೂ ಮರೆಯುತ್ತಾಳೆ. ಈ ಸಲ ಸಿಕ್ಕವಳು ನಾನು. ಅವಳಿಗೇ ನಷ್ಟ.

ಕನ್ನಡ ಎಂ.ಎ. ಮುಗಿಸಿ ಇಂಡಿಯ ಸಾಲಿಗೆ ಶಿಕ್ಷಕಿಯಾಗಿ ಸೇರಿ ಹತ್ತು ತಿಂಗಳು. ಮಕ್ಕಳ ಬಾಯಲ್ಲಿ ನಾನೀಗ ಬಾಯಾರು. ಮಕ್ಕಳ ಮುಂದೆ ಮಾತಾಡುತ್ತೇನೆ, ದೊಡ್ಡವರ ಮುಂದೆ ಇನ್ನೂ ಬರುವುದಿಲ್ಲ. ಈಗ ಚುನಾವಣೆಯ ಕೆಲಸ ಬಂದಿದೆ. ಎಂಬತ್ತೈದು ದಾಟಿದವರು ಅರ್ಜಿ ಕೊಟ್ಟಿದ್ದರೆ ನಾವೇ ಅವರ ಮನೆಗೆ ಹೋಗಿ ಮತ ಹಾಕಿಸಿಕೊಳ್ಳಬೇಕು. ರಟ್ಟಿನ ಮರೆ ನಿಲ್ಲಿಸಿ ಮತಪತ್ರ ಕೊಡುವುದು. ಅವರು ಗುರುತು ಮಾಡಿ ಸಣ್ಣ ಲಕೋಟೆಗೆ, ಅದನ್ನು ದೊಡ್ಡ ಲಕೋಟೆಗೆ ಹಾಕಿ ಅಂಟಿಸಿ ಪೆಟ್ಟಿಗೆಗೆ ಬಿಡುವುದು. ಗುರುತು ಮಾಡುವುದೊಂದನ್ನು ಬಿಟ್ಟು ಎಲ್ಲದರ ವಿಡಿಯೋ ಆಗಬೇಕು. ಮನೆಯಲ್ಲಿ ಸಿಗದಿದ್ದರೆ ಇನ್ನೊಮ್ಮೆ ಹೋಗಬೇಕು, ಮೂರನೆಯ ಸಲ ಇಲ್ಲ. ಅರ್ಜಿ ಮಂಜೂರಾದವರ ಹೆಸರಿನ ಮುಂದೆ ಮತಗಟ್ಟೆಯ ಪಟ್ಟಿಯಲ್ಲಿ ಗುರುತು ಬಿದ್ದಿರುತ್ತದೆ. ಅವರು ಅಲ್ಲಿಗೆ ಹೋದರೂ ಮತ ಸಿಗುವುದಿಲ್ಲ.

ತರಬೇತಿಯಲ್ಲಿ ಏನಾದರೂ ಕೇಳುವುದಿದೆಯೇ ಎಂದರು. ನನ್ನ ವಹಿಯಲ್ಲಿ ಒಂದು ಪ್ರಶ್ನೆ ಇತ್ತು: ಮನೆಯೊಳಗೆ ಗುಟ್ಟು ಎಲ್ಲಿರುತ್ತದೆ? ಕೇಳಲಿಲ್ಲ. ಹಿಂದೆ ಕೂತವರು ಊಟದ ಪೊಟ್ಟಣ ಎಷ್ಟೊತ್ತಿಗೆ ಎಂದು ಕೇಳಿದರು. ಎಲ್ಲರಿಗೂ ಅದೇ ಬೇಕಾಗಿತ್ತು.

೨೫ ಏಪ್ರಿಲ್, ಗುರುವಾರ

ಜೀಪಿನಲ್ಲಿ ನಾವು ನಾಲ್ವರು. ಮುಂದಾಳು ಸಿದ್ಧರಾಮ ಸರ್, ಹೈಸ್ಕೂಲಿನ ಹೆಡ್‌ಮಾಸ್ತರು. ನಿಯಮದ ಪುಸ್ತಕವನ್ನು ಅಂಗಿಯೊಳಗೆ ಇಟ್ಟುಕೊಂಡಿರುತ್ತಾರೆ. ಪೊಲೀಸಿನ ರಸೂಲಸಾಬ, ಪ್ರತಿ ಮನೆಯಲ್ಲಿ ಮಜ್ಜಿಗೆ ಕೇಳಿ ಕುಡಿಯುವವರು. ವಿಡಿಯೋ ತೆಗೆಯುವ ಕಾಂತು, ಮದುವೆ ಸೀಜನ್ ಬಿಟ್ಟು ಬಂದವನು. ನಿಡಗುಂದಿಯ ಮೊದಲ ಮನೆಯಲ್ಲಿ ತೊಂಬತ್ತೆರಡರ ಕುರಿಗಾರ ಸೋಮನಿಂಗ ಅಜ್ಜನಿಗೆ, "ಅಜ್ಜಾರ, ಹಿಂಗ ಸ್ವಲ್ಪ ನಗ್ರಿ, ಹಾರ ಹಾಕ್ಕೊಂಡಂಗ," ಎಂದುಬಿಟ್ಟ. ಅಜ್ಜ ನಗಲಿಲ್ಲ. ಲಕೋಟೆಯನ್ನು ಪೆಟ್ಟಿಗೆಗೆ ಬಿಟ್ಟು, ಪೆಟ್ಟಿಗೆಗೆ ಕಿವಿ ಹಚ್ಚಿದ. ಬಿದ್ದ ಸಪ್ಪಳ ಕೇಳಿದ ಮೇಲೆ ತಲೆಯಾಡಿಸಿದ.

ಮಧ್ಯಾಹ್ನ ಮಸೂತಿ ಎಂಬ ಊರು. ಶ್ರೀಶೈಲಪ್ಪನವರದು ದೊಡ್ಡ ಮನೆ. ಒಂದು ಪಕ್ಷದ ಊರ ಮುಖಂಡರು. ಅವರ ತಾಯಿ ಲಕ್ಕವ್ವ, ಎಂಬತ್ತೇಳು, ನಮ್ಮ ಪಟ್ಟಿಯಲ್ಲಿದ್ದರು. ಪಡಸಾಲೆಯಲ್ಲಿ ಗಾದಿ ಹಾಸಿ, ಗೋಡೆಗೆ ಹೊಸ ಜಮಖಾನೆ ಕಟ್ಟಿ, ಹತ್ತು ಹದಿನೈದು ಜನರನ್ನು ಕೂಡಿಸಿದ್ದರು. ಅಜ್ಜಿ ಮಾತ್ರ ಇರಲಿಲ್ಲ. ಮುಂಜಾನೆಯೇ ತಂಗಡಗಿಯ ಗುಡಿಗೆ ಹೋಗಿದ್ದಾರೆ, ಯಾರದೋ ಗಾಡಿ ಸಿಕ್ಕಿತಂತೆ ಎಂದರು ಶ್ರೀಶೈಲಪ್ಪ. ಮುಜುಗರವಾಗಿತ್ತು ಅವರಿಗೆ. ನಮ್ಮ ಮನೆಯ ಹನ್ನೊಂದು ಓಟೂ ಒಂದೇ ಮುಷ್ಟಿ, ಅವ್ವನದೇ ಮೊದಲು ಬೀಳಬೇಕೆಂದು ಮನಸ್ಸಿತ್ತು ಎಂದು ಎರಡು ಸಲ ಹೇಳಿದರು.

ಬಾಗಿಲ ಹಿಂದೆ ಅಜ್ಜಿಯ ಕೋಲು ಒರಗಿತ್ತು. ಎಲೆ ಅಡಿಕೆಯ ಚೀಲ ಗೂಟದಲ್ಲಿ ತೂಗುತ್ತಿತ್ತು. ಎಂಬತ್ತೇಳು ವರ್ಷದ ಮುದುಕಿ ಕೃಷ್ಣೆಯ ದಂಡೆಯವರೆಗೆ ಕೋಲೂ ಎಲೆಯೂ ಇಲ್ಲದೆ ಹೋದಳೇ? ಸರ್ "ಮತದಾರರು ಇಲ್ಲ" ಎಂದು ಬರೆದು, ಸೋಮವಾರ ಬರುತ್ತೇವೆಂದು ಚೀಟಿ ಕೊಟ್ಟರು. ಚೀಟಿಯಲ್ಲಿ ನನ್ನ ಫೋನ್ ನಂಬರನ್ನೂ ಬರೆಸಿದರು. ಕೋಲಿನ ಮಾತು ನನ್ನ ಬಾಯಿಗೆ ಬಂದಿತ್ತು, ಅಲ್ಲಿಯೇ ಉಳಿಯಿತು.

೨೬ ಏಪ್ರಿಲ್, ಶುಕ್ರವಾರ

ನಸುಕಿನ ಕನಸು. ದಿಲ್ಲಿಯ ಸಭಾಂಗಣ. ಐನೂರ ನಲವತ್ಮೂರು ಕುರ್ಚಿಗಳ ಬದಲು ಐನೂರ ನಲವತ್ಮೂರು ಹಗ್ಗದ ಮಂಚ, ನಮ್ಮ ಹೊರಸು. ಒಂದೊಂದರ ಮೇಲೆ ಒಬ್ಬೊಬ್ಬ ಮುದುಕಿ. ಎತ್ತರದ ಪೀಠದಲ್ಲಿ ಕೂತವರು ಶಾಂತವಾಗಿರಿ, ಶಾಂತವಾಗಿರಿ ಎನ್ನುತ್ತಿದ್ದರು, ಆದರೆ ಅಲ್ಲಿ ಮಾತಾಡುತ್ತಿದ್ದವರು ಯಾರೂ ಇರಲಿಲ್ಲ. ಎಲ್ಲರೂ ಸುಮ್ಮನೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಆ ಸುಣ್ಣ ಹಚ್ಚುವ ಸಪ್ಪಳವೇ ನೀರಿನ ಸಪ್ಪಳವಾಗಿ, ಆಲಮಟ್ಟಿಯ ಹಿನ್ನೀರು ಹೊಸಿಲು ದಾಟಿ ಒಳಗೆ ಬಂದು, ಹೊರಸುಗಳು ಮೆಲ್ಲಗೆ ತೇಲಿದವು. ಯಾರೂ ಹೆದರಲಿಲ್ಲ.

ಇವತ್ತು ದಕ್ಷಿಣದ ಜಿಲ್ಲೆಗಳಲ್ಲಿ ಮತದಾನ. ನಮ್ಮದು ಮೇ ಏಳಕ್ಕೆ. ಮಾವಶಿ ಟಿವಿ ನೋಡುತ್ತ, ದಿಲ್ಲಿಗೆ ಹೋಗಿ ಕೂಡುವವರು ಎಷ್ಟು ಮಂದಿ, ನಮ್ಮವರು ಎಷ್ಟು ಎಂದು ಕೇಳಿದಳು. ಹೇಳಿದೆ: ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಇನ್ನೂ ನಾಲ್ಕು, ಹೀಗೆ ಎಂಟು ವಿಧಾನಸಭಾ ಕ್ಷೇತ್ರ ಸೇರಿ ಲೋಕಸಭೆಯಲ್ಲಿ ಒಂದೇ ಕುರ್ಚಿ. ಅದು ಪರಿಶಿಷ್ಟ ಜಾತಿಯವರಿಗೆ ಮೀಸಲು. ನಿಲ್ಲುವವರು ಅವರು, ಮತ ಎಲ್ಲರದು. ಯಾರಿಗೆ ಎಲ್ಲರಿಗಿಂತ ಹೆಚ್ಚು ಬೀಳುತ್ತದೆಯೋ ಅವರೇ ಆಯ್ಕೆ, ಅರ್ಧ ದಾಟಲೇಬೇಕೆಂದಿಲ್ಲ. ಐದು ವರ್ಷಕ್ಕೆ ಆ ಸಭೆ ಕರಗುತ್ತದೆ. ಇನ್ನೊಂದು ರಾಜ್ಯಸಭೆ. ಅದಕ್ಕೆ ನಾವು ಮತ ಹಾಕುವುದಿಲ್ಲ, ನಾವು ಬೆಂಗಳೂರಿಗೆ ಕಳಿಸಿದ ಶಾಸಕರು ಹಾಕುತ್ತಾರೆ. ಹನ್ನೆರಡು ಮಂದಿಯನ್ನು ರಾಷ್ಟ್ರಪತಿಯೇ ನೇಮಿಸುತ್ತಾರೆ. ಅದು ಎಂದೂ ಕರಗುವುದಿಲ್ಲ, ಎರಡು ವರ್ಷಕ್ಕೊಮ್ಮೆ ಮೂರರಲ್ಲಿ ಒಂದು ಪಾಲು ಏಳುತ್ತದೆ, ಹೊಸಬರು ಬಂದು ಕೂಡುತ್ತಾರೆ. ಎರಡೂ ಸಭೆ, ಮೇಲೆ ರಾಷ್ಟ್ರಪತಿ, ಮೂರೂ ಸೇರಿದರೆ ಸಂಸತ್ತು.

ಮಾವಶಿ ಕತ್ತರಿ ಕೆಳಗಿಟ್ಟಳು. "ಹಂಗಾದ್ರ ಲೋಕಸಭಾದವರು ನಮ್ಮ ಮಕ್ಕಳು, ರಾಜ್ಯಸಭಾದವರು ಮೊಮ್ಮಕ್ಕಳು. ಮೊಮ್ಮಕ್ಕಳ ಮ್ಯಾಲ ನಮ್ಮ ಮಾತ ನಡ್ಯಾಂಗಿಲ್ಲ ಬಿಡು."

ಇಷ್ಟು ಮಾತು ನಾನೇ ಆಡಿದೆನೇ ಎಂದು ಆಮೇಲೆ ಅನಿಸಿತು. ಮಾವಶಿಯ ಮುಂದೆ ತಾನೇ, ಲೆಕ್ಕಕ್ಕಿಲ್ಲ.

೨೭ ಏಪ್ರಿಲ್, ಶನಿವಾರ

ಮತ್ತೆ ಮಸೂತಿ, ಬೇರೆ ಓಣಿ. ಶೇವಂತೆವ್ವ ಎಂಬ ತೊಂಬತ್ತರ ಅಜ್ಜಿ. ಅವರ ಕೆಲಸ ಮುಗಿದು ಸರ್ ಕಾಗದಗಳಿಗೆ ಸಹಿ ಮಾಡುತ್ತಿದ್ದಾಗ ನಾನು ಕೈಗೆ ಹತ್ತಿದ ಅಂಟು ತೊಳೆಯಲು ಹಿತ್ತಲಿಗೆ ಹೋದೆ. ಬೇವಿನ ನೆರಳಲ್ಲಿ, ಬೋರಲು ಹಾಕಿದ ಬುಟ್ಟಿಯ ಮೇಲೆ ಇನ್ನೊಬ್ಬ ಅಜ್ಜಿ ಕೂತಿದ್ದರು. ನನ್ನ ಕೊರಳ ಗುರುತಿನ ಚೀಟಿ ನೋಡಿ ಸೆರಗು ಮುಂದಕ್ಕೆ ಎಳೆದುಕೊಂಡರು. ಶ್ರೀಶೈಲಪ್ಪನವರದೇ ಮೂಗು, ಲಕ್ಕವ್ವನೇ.

ಅವರೇ ಮಾತು ತೆಗೆದರು. ಗುರುವಾರವೂ ಇಲ್ಲೇ ಕೂತಿದ್ದರಂತೆ. ಸೋಮವಾರವೂ ಇಲ್ಲೇ ಕೂಡುವವರಂತೆ. ಮೇ ಏಳಕ್ಕೆ ಸಾಲಿಯ ಮತಗಟ್ಟೆಗೆ ಹೋಗಿ ಹಾಕುತ್ತಾರಂತೆ, ಇಷ್ಟು ವರ್ಷ ಹಾಕಿದ ಹಾಗೆ.

ನಾನು ಸುಮ್ಮನಿರಬಹುದಿತ್ತು. ಹೆಸರಿನ ಮುಂದೆ ಗುರುತು ಬಿದ್ದಿದೆ, ಅಲ್ಲಿ ನಿಮಗೆ ಕೊಡುವುದಿಲ್ಲ ಎಂದು ಹೇಳಿದೆ. ಮೊದಲು ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒಂದೊಂದೇ ನೆನೆದು ಹೇಳಿದರು. ಮಗ ಒಂದು ಕಾಗದ ತಂದಿದ್ದು ನಿಜ. ಪಿಂಚಣಿಯದೆಂದು ಸಹಿ ಮಾಡಿದ್ದರು. ಸಾಕ್ಷರತೆಯ ಶಾಲೆಯಲ್ಲಿ ಅಕ್ಷರ ಕಲಿತವರು, ಕೂಡಿಸಿ ಕೂಡಿಸಿ ಓದಬಲ್ಲರು. ಆದರೆ ಮಗ ಕೊಟ್ಟ ಕಾಗದ ಓದುವುದು ಸರಿಯಲ್ಲವೆಂದು ಓದಿರಲಿಲ್ಲ.

"ಅಂವ ಕೆಟ್ಟಾಂವಲ್ಲ ತಂಗಿ," ಎಂದರು. "ಅವ್ವ ಬಿಸಿಲಾಗ ಯಾಕ ಹೋಗಬೇಕಂತ ಮಾಡ್ಯಾನ. ಆದ್ರ ಮನ್ಯಾಗ ಅಂವ ಎದುರಿಗೆ ಕುಂತಿರ್ತಾನ. ಅಂವನ ಮಾರಿ ನೋಡಿ ನಾ ಎಂದೂ ಒಲ್ಲೆ ಅಂದಿಲ್ಲ. ಸಾಲ್ಯಾಗ ಆ ಡಬ್ಬಿ ಹಿಂದ ಯಾರ ಮಾರೀನೂ ಕಾಣಸಂಗಿಲ್ಲ."

ಐದು ವರ್ಷಕ್ಕೆ ಒಂದು ನಿಮಿಷ. ಅಷ್ಟೇ ಅವರದು. ಈಗ ಅದೂ ಹೋಯಿತು.

ಆ ದಿಲ್ಲಿಯ ಮನೆಯಲ್ಲಿ ಹೆಣ್ಣುಮಕ್ಕಳು ಎಷ್ಟು ಕೂಡುತ್ತಾರೆಂದು ಕೇಳಿದರು. ಹೋದ ಸಲ ಎಪ್ಪತ್ತೆಂಟು ಎಂದೆ, ಮುಂದೆ ಮೂರರಲ್ಲೊಂದು ಪಾಲು ಕೊಡಬೇಕೆಂದು ಕಾಯ್ದೆ ಆಗಿದೆ, ಜನಗಣತಿ ಮತ್ತು ಕ್ಷೇತ್ರ ವಿಂಗಡಣೆ ಆಗಬೇಕು ಅದಕ್ಕೆ ಎಂದೆ. "ಅಲ್ಲೀತನ ನಾ ಇರಂಗಿಲ್ಲ," ಎಂದರು, ದುಃಖವಿಲ್ಲದೆ, ಬಸ್ಸು ತಪ್ಪಿತೆನ್ನುವ ಹಾಗೆ.

ಹೊರಗಿನಿಂದ ರಸೂಲಸಾಬರು ಕೂಗಿದರು. ಏಳುವಾಗ ಲಕ್ಕವ್ವ ನನ್ನ ಕೈ ಹಿಡಿದರು. ಸೋಮವಾರ ಮನೆಯಲ್ಲಿರಿ ಎಂದೆ. ಯಾವ ಧೈರ್ಯದಿಂದ ಎಂದೆನೋ.

೨೮ ಏಪ್ರಿಲ್, ಭಾನುವಾರ

ನಿಯಮದ ಪುಸ್ತಕ ಸರ್ ಹತ್ತಿರ ಕೇಳಿ ತಂದು ಓದಿದೆ. ಗುರುತು ಮಾಡುವಾಗ ಯಾರೂ ನೋಡಬಾರದು ಎಂದಿದೆ. ಅದು ಮನೆಯ ಯಾವ ಜಾಗದಲ್ಲಿ ಆಗಬೇಕು ಎಂದು ಎಲ್ಲಿಯೂ ಇಲ್ಲ.

೨೯ ಏಪ್ರಿಲ್, ಸೋಮವಾರ

ಎಲ್ಲ ಬರೆದಿಡಬೇಕು, ಕ್ರಮವಾಗಿ.

ಹತ್ತೂವರೆಗೆ ಹೋದೆವು. ಅದೇ ಗಾದಿ, ಅದೇ ಜಮಖಾನೆ, ಮೊನ್ನೆಗಿಂತ ಹೆಚ್ಚು ಜನ. ಲಕ್ಕವ್ವ ಇಳಕಲ್ ಸೀರೆಯುಟ್ಟು ಕೂತಿದ್ದರು. ಸರ್ ರಟ್ಟಿನ ಮರೆ ಇಡುತ್ತಿದ್ದಂತೆ ಶ್ರೀಶೈಲಪ್ಪ ತಾಯಿಯ ಪಕ್ಕಕ್ಕೆ ಸರಿದು ಕೂತರು. ಹೊರಗೆ ಹೋಗಬೇಕು ಎಂದು ಸರ್ ಹೇಳಿದರು. ಶ್ರೀಶೈಲಪ್ಪ ನಕ್ಕು ಎರಡು ಮೊಳ ಆಚೆ ಸರಿದರು. ಬಾಗಿಲಲ್ಲಿ, ಕಿಟಕಿಯಲ್ಲಿ, ಅಟ್ಟದ ಮೆಟ್ಟಿಲಲ್ಲಿ ಜನ. ಹಾಗೆ ನೋಡಿದರೆ ಯಾರೂ ಇಣುಕುತ್ತಿರಲಿಲ್ಲ. ಎಲ್ಲರೂ ಇದ್ದರು, ಅಷ್ಟೇ.

ಲಕ್ಕವ್ವ ಪೆನ್ನು ಹಿಡಿದರು, ಕೆಳಗಿಟ್ಟರು. ಅಷ್ಟರಲ್ಲಿ ಒಳಗಿನಿಂದ ಕೂಸು ಅತ್ತಿತು. ಶ್ರೀಶೈಲಪ್ಪನವರ ಮಗಳು ಭಾಗ್ಯಾ ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ, ಕೂಸಿಗೆ ಒಂಬತ್ತು ದಿನ. ಅಜ್ಜಿ ಆ ಕಡೆ ನೋಡಿದರು. ಆಮೇಲೆ ನನ್ನ ಕಡೆ.

"ಬಾಣಂತಿ ಕ್ವಾಣ್ಯಾಗ ಹಾಕತೇನಿ," ಎಂದರು.

ಆ ಕೋಣೆಗೆ ಗಂಡಸರು ಹೋಗುವುದಿಲ್ಲ. ಹೊರಗಿನ ಗಾಳಿ ಕೂಸಿಗೆ ತಾಗಬಾರದು. ಶ್ರೀಶೈಲಪ್ಪನವರೇ ಮೊಮ್ಮಗಳನ್ನು ಹೊಸಿಲಾಚೆಯಿಂದ ನೋಡಿದವರು. ಅವರ ಮುಖ ಮೊದಲು ನಗುತ್ತಿತ್ತು, ಆಮೇಲೆ ಇಲ್ಲ. ಹಾಗೆಲ್ಲ ಬರುವುದಿಲ್ಲ, ಸಾಹೇಬರ ಎದುರಿಗೇ ಆಗಬೇಕು ಎಂದರು. ಸರ್ ಪುಸ್ತಕ ತೆಗೆದು ಹಾಳೆ ತಿರುವತೊಡಗಿದರು. ಕಾಂತು, ನಾನೂ ಒಳಗೆ ಹೋಗುವ ಹಾಗಿಲ್ಲವಲ್ಲ ಎಂದ. ಎಲ್ಲರೂ ಒಮ್ಮೆಲೇ ಮಾತಾಡಿದರು.

ಆಗ ಯಾರೋ, ಗುರುತು ಮಾಡುವುದನ್ನು ವಿಡಿಯೋ ತೆಗೆಯಲೇಬಾರದು, ಹೊಸಿಲ ಹೊರಗೆ ಕ್ಯಾಮೆರಾ ಇಟ್ಟರೆ ಸಾಕು, ಲಕೋಟೆ ಹೊರಗೆ ತಂದು ಎಲ್ಲರೆದುರಿಗೆ ಪೆಟ್ಟಿಗೆಗೆ ಹಾಕಿದರೆ ನಿಯಮ ಮುಗಿಯಿತು, ಎಲ್ಲಾರೂ ಅಂಗಳಕ್ಕ ಹೋಗ್ರಿ, ನೀವೂ ಹೋಗ್ರಿ ಶ್ರೀಶೈಲಪ್ಪನವರ, ಎಂದರು. ಸಿದ್ಧರಾಮ ಸರ್ ಎಂದುಕೊಂಡೆ. ಸರ್ ನನ್ನ ಕಡೆ ನೋಡುತ್ತಿದ್ದರು. ರಸೂಲಸಾಬರು ಆಗಲೇ ಜನರನ್ನು ಎಬ್ಬಿಸುತ್ತಿದ್ದರು. "ನಡೀರಿ ನಡೀರಿ, ಬಾಯಾರು ಹೇಳ್ಯಾರ."

ಕಾಲು ತೊಳೆದು ಒಳಗೆ ಹೋದೆ. ಕತ್ತಲೆ. ಲೋಬಾನದ ಹೊಗೆ, ಎಣ್ಣೆಯ, ಹಾಲಿನ ವಾಸನೆ. ಕಣ್ಣು ಹೊಂದಿಕೊಳ್ಳಲು ಬಹಳ ಹೊತ್ತು ಬೇಕಾಯಿತು. ಈ ಕೋಣೆಯಲ್ಲಿ ತಾವು ಏಳು ಹೆತ್ತದ್ದು, ಶ್ರೀಶೈಲಪ್ಪ ಮೂರನೆಯವನು ಎಂದರು ಲಕ್ಕವ್ವ, ಯಾರಿಗೂ ಅಲ್ಲದ ಹಾಗೆ. ನಾನು ಸಣ್ಣ ದೀಪವಿದ್ದ ಮೂಲೆಯ ಬಟ್ಟೆ ಟ್ರಂಕಿನ ಮೇಲೆ ರಟ್ಟಿನ ಮರೆ ನಿಲ್ಲಿಸಿದೆ. ಭಾಗ್ಯಾ ಗೋಡೆಗೆ ಮುಖ ಮಾಡಿ ಮಲಗಿದಳು, ಕೂಸನ್ನು ನನ್ನ ಕೈಗೆ ಕೊಟ್ಟು. ನಾನೂ ಬೆನ್ನು ತಿರುಗಿಸಿ ಇನ್ನೊಂದು ಗೋಡೆಯ ಕಡೆ ನಿಂತೆ. ಹಿಂದೆ ಅಜ್ಜಿ ಅಕ್ಷರ ಕೂಡಿಸುತ್ತಿದ್ದರು, ತುಟಿಯೊಳಗೆ. ಒಂದು ಹೆಸರು, ನಿಂತು ಉಸಿರು, ಇನ್ನೊಂದು ಹೆಸರು. ದೂರದ ಯಾವುದೋ ಸಭೆಯಲ್ಲಿ ಹಾಜರಿ ಕರೆದಂತೆ. ಕೂಸು ಕಣ್ಣು ತೆರೆದು ನನ್ನನ್ನೇ ನೋಡುತ್ತಿತ್ತು, ಇನ್ನೂ ಏನೂ ಕಾಣದ ಕಣ್ಣು.

ನಾನು ನಿಂತ ಗೋಡೆಯ ಮೇಲೆ ಒಂದು ಕನ್ನಡಿ ಇತ್ತು. ಕತ್ತಲೆಗೆ ಕಣ್ಣು ಹೊಂದಿದ ಮೇಲೆ ತಿಳಿಯಿತು. ಅದರಲ್ಲಿ ಮರೆಯ ತೆರೆದ ಬದಿ, ಕಾಗದ, ಪೆನ್ನು. ಪೆನ್ನು ಒಂದು ಕಡೆ ಇಳಿಯಿತು. ಕಣ್ಣು ತೆಗೆಯುವಷ್ಟರಲ್ಲಿ ಕಂಡಿತ್ತು.

ಎಲ್ಲಿ ಇಳಿಯಿತು ಎಂದು ಇಲ್ಲಿ ಬರೆಯುವುದಿಲ್ಲ.

ಇಪ್ಪತ್ತೆರಡು ನಿಮಿಷ. ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಲಕೋಟೆ ಪೆಟ್ಟಿಗೆಗೆ ಬಿತ್ತು. ಹೇಳಿದ ಹಾಗೇ ಮಾಡಿದೆಯಲ್ಲ ಎಂದು ಶ್ರೀಶೈಲಪ್ಪ ತಾಯಿಯನ್ನು ಕೇಳಿದರು. ಲಕ್ಕವ್ವ ಎಲೆಗೆ ಸುಣ್ಣ ಹಚ್ಚುತ್ತ, ಬಿಸಿಲು ಬಹಳ ಆಗಿದೆ, ಇವರಿಗೆಲ್ಲ ಊಟಕ್ಕಿಡು ಎಂದರು. ನಾವು ಉಣ್ಣುವಂತಿಲ್ಲ ಎಂದು ಸರ್ ಹೇಳಿದರು. ರಸೂಲಸಾಬರು ಮಾತ್ರ ಮಜ್ಜಿಗೆ ಕುಡಿದರು.

ನನ್ನ ಗಂಟಲು ಒಡೆದಿದೆ. ಬಿಸಿಲಿಗಿರಬೇಕು.

೨ ಮೇ, ಗುರುವಾರ

ದೂರು ಬಂದಿದೆ. ಬಾಯಾರು ಅವ್ವನನ್ನು ಕತ್ತಲೆ ಕೋಣೆಗೆ ಕರೆದೊಯ್ದು ತಾವೇ ಗುರುತು ಮಾಡಿದರು ಎಂದು. ಶನಿವಾರ ಬಾಗೇವಾಡಿಯ ಕಚೇರಿಗೆ ಬರಬೇಕು. ಸಿದ್ಧರಾಮ ಸರ್ ಶ್ರೀಶೈಲಪ್ಪನವರ ದೂರನ್ನು ಫೋನಿನಲ್ಲಿ ಓದಿ ಹೇಳಿದರು. ನಿಂದಿನ್ನೂ ಪ್ರೊಬೇಷನ್ ಅಲ್ಲವೇನವಾ ಎಂದರು.

ಮಾವಶಿ ಬೈದಳು, ಶ್ರೀಶೈಲಪ್ಪನವರಿಗೋ ನನಗೋ ತಿಳಿಯಲಿಲ್ಲ.

೪ ಮೇ, ಶನಿವಾರ

ಅಧಿಕಾರಿಗಳ ಮೇಜಿನ ಒಂದು ಬದಿ ನಾವು, ಒಂದು ಬದಿ ಶ್ರೀಶೈಲಪ್ಪ. ಮೊದಲು ವಿಡಿಯೋ ನೋಡಿದರು. ಇಪ್ಪತ್ತೆರಡು ನಿಮಿಷ ಬರೀ ಬಾಗಿಲ ಪರದೆ. ಬೇಸರವಾಗಿ ಕಾಂತು ತೋರಣದ ಒಂದೊಂದೇ ಎಲೆಯನ್ನು ಹತ್ತಿರದಿಂದ ತೆಗೆದಿದ್ದ. ಅಧಿಕಾರಿ ಅವನನ್ನು ಒಮ್ಮೆ ನೋಡಿದರು.

ಶ್ರೀಶೈಲಪ್ಪನವರು ದಾರಿಯೊಂದನ್ನು ಯೋಚಿಸಿಕೊಂಡೇ ಬಂದಿದ್ದರು. "ಅವ್ವ ಯಾರಿಗೆ ಹಾಕ್ಯಾಳಂತ ಬಾಯಾರು ಹೇಳಿಬಿಡ್ಲಿ ಸಾಹೇಬ್ರ. ನಮ್ಮ ಮನಿ ಓಟು ಎಲ್ಲಿಗಂತ ಊರಿಗೇ ಗೊತ್ತೈತಿ. ತಾಳೆ ಆತಂದ್ರ ನನ್ನ ತಕರಾರಿಲ್ಲ."

ಒಂದು ಮಾತು ಸಾಕಿತ್ತು. ಹೌದು ಎಂದರೂ ನಡೆಯುತ್ತಿತ್ತು, ನಿಜವಿರಲಿ ಸುಳ್ಳಿರಲಿ. ನಾನು ಮನೆಗೆ ಹೋಗಬಹುದಿತ್ತು.

ನಿಮಗೇನಾದರೂ ಕಂಡಿತೇ ಎಂದು ಅಧಿಕಾರಿ ಕೇಳಿದರು.

"ಕಂಡಿದ್ರೂ ಹೇಳಂಗಿಲ್ರಿ ಸರ್. ಕಂಡಿಲ್ಲ ಅಂತನೂ ಹೇಳಂಗಿಲ್ಲ. ಮತದ ಗುಟ್ಟು ಕಾಯಬೇಕಂತ ಚುನಾವಣಿ ಕಾಯ್ದೇದಾಗ ನೂರ ಇಪ್ಪತ್ತೆಂಟನೇ ಕಲಮು ಐತಿ. ಶಿಕ್ಷೆ ಕೊಡೂದಿದ್ರ ಕೊಡ್ರಿ, ಅದನ್ನಷ್ಟ ಕೇಳಬ್ಯಾಡ್ರಿ."

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. ಮತ ಹಾಕಿದವರು ಲಕ್ಕವ್ವ, ಅವರು ಬಂದು ಬೇರೆಯವರು ಗುರುತು ಮಾಡಿದರೆಂದು ಬರೆದುಕೊಟ್ಟರೆ ಮುಂದಿನದು ನೋಡುತ್ತೇನೆ, ಮಗ ಬರೆದರೆ ಆಗುವುದಿಲ್ಲ ಎಂದರು. ಕಾಗದ ಮಡಚಿದರು.

ಹೊರಗೆ ಕಬ್ಬಿನ ಹಾಲಿನ ಗಾಡಿಯ ಹತ್ತಿರ ಶ್ರೀಶೈಲಪ್ಪ ನಿಂತಿದ್ದರು. ನನಗೂ ಒಂದು ಗ್ಲಾಸು ಹೇಳಿದರು, ಬೇಡವೆಂದೆ. ಅವರದು ಈಗ ಕಚೇರಿಯೊಳಗಿನ ದನಿಯಾಗಿರಲಿಲ್ಲ. ಅವ್ವ ಮನೆಯಲ್ಲಿ ಏನೂ ಹೇಳುತ್ತಿಲ್ಲವಂತೆ, ಕೇಳಿದರೆ ನಗುತ್ತಾಳಂತೆ. "ಓಟು ಹೋಗ್ಲಿ ಬಾಯಾರ. ಅವ್ವಗ ನನ್ನ ಮ್ಯಾಲ ಸಿಟ್ಟೇನರ ಐತೇನು? ಅಷ್ಟ ಹೇಳ್ರಿ."

ಅದನ್ನು ಅವರನ್ನೇ ಕೇಳಿ ಎಂದೆ. ಅರವತ್ಮೂರು ವರ್ಷದಲ್ಲಿ ಅವ್ವನಿಗೆ ಊಟ ಆಯಿತೇ ಅನ್ನುವುದು ಬಿಟ್ಟು ಬೇರೇನೂ ಕೇಳಿದ ನೆನಪಿಲ್ಲ ಎಂದರು. ಕಬ್ಬಿನ ಹಾಲು ಕುಡಿಯದೆ ಕೈಯಲ್ಲಿಯೇ ಹಿಡಿದುಕೊಂಡಿದ್ದರು.

೭ ಮೇ, ಮಂಗಳವಾರ

ಮೀಸಲು ಸಿಬ್ಬಂದಿಯಾಗಿ ದಿನವೆಲ್ಲ ಬೇವಿನ ಮರದ ಕೆಳಗೆ ಕಾದೆವು. ಯಾರೂ ಕರೆಯಲಿಲ್ಲ. ಎಲೆಗಳ ನಡುವಿನ ಬೆಳಕು ನೆಲದ ಮೇಲೆ ಸರಿಯುವುದನ್ನು ನೋಡುತ್ತ ಕೂತೆ. ಚುನಾವಣಾ ಕೆಲಸದ ಪತ್ರ ತೋರಿಸಿ ಅಲ್ಲಿಯೇ ನನ್ನ ಮತವನ್ನೂ ಹಾಕಿದೆ. ಸಂಜೆ ಮಾವಶಿ ಯಾರಿಗೆ ಎಂದು ಕೇಳಿದಳು, ಅಪ್ಪನೂ ಫೋನಿನಲ್ಲಿ ಕೇಳಿದರು. ಮಳೆ ಬರುವ ಹಾಗಿದೆ ಎಂದೆ.

೪ ಜೂನ್, ಮಂಗಳವಾರ. ಇಂಡಿ

ಮುಂಜಾನೆ ಎಂಟಕ್ಕೆ ಎಣಿಕೆ ಶುರು. ಮೊದಲು ಅಂಚೆ ಮತಗಳು, ಅವುಗಳಲ್ಲಿಯೇ ನಾವು ತಂದ ಲಕೋಟೆಗಳೂ. ದೊಡ್ಡ ಲಕೋಟೆ ಒಂದು ಕಡೆ, ಸಣ್ಣದು ಒಂದು ಕಡೆ ಮಾಡಿ, ಆಮೇಲೆ ಒಳಗಿನ ಕಾಗದ ತೆಗೆಯುತ್ತಾರೆ. ಅಷ್ಟೊತ್ತಿಗೆ ಯಾರ ಕಾಗದ ಯಾರದೆಂದು ತಿಳಿಯದು. ಸೋಮನಿಂಗ ಅಜ್ಜ, ಶೇವಂತೆವ್ವ, ಲಕ್ಕವ್ವ ಎಲ್ಲ ಒಂದೇ ಕಟ್ಟಿನಲ್ಲಿ ಕಲೆತು, ದೊಡ್ಡ ನೀರಿಗೆ ಇಳಿದು ಹೋದರು.

ಸಾಲಿಗೆ ಹೊರಡುವಾಗ ಭಾಗ್ಯಾಳ ಫೋನು ಬಂತು. ಕೂಸಿಗೆ ಹೆಸರಿಟ್ಟಿದ್ದಾರೆ, ಆರಾಮಿದೆ. ಅವಳ ಅಪ್ಪ ಈಗ ದಿನಾ ಸಂಜೆ ಪಕ್ಷದ ಮಂದಿಯನ್ನು ಬಿಟ್ಟು ಬಂದು ಅಜ್ಜಿಯ ಹೊರಸಿನ ತುದಿಗೆ ಕೂಡುತ್ತಾರಂತೆ. ಯಾರಿಗೆ ಹಾಕಿದೆ ಎಂದು ಶುರು ಮಾಡಿ, ನೀನು ಮದುವೆಯಾಗಿ ಬಂದಾಗ ಈ ಮನೆ ಹೇಗಿತ್ತು, ಸತ್ತುಹೋದ ಅಕ್ಕ ಹೇಗಿದ್ದಳು ಎಂದು ಎಲ್ಲೆಲ್ಲಿಗೋ ಹೋಗುತ್ತಾರಂತೆ. ಅಜ್ಜಿ ಎಲ್ಲ ಹೇಳುತ್ತಾಳೆ, ಅದೊಂದನ್ನು ಬಿಟ್ಟು. ಆಮೇಲೆ ಭಾಗ್ಯಾ ಫೋನನ್ನು ಲಕ್ಕವ್ವನ ಕೈಗೆ ಕೊಟ್ಟಳು.

ಟಿವಿಯಲ್ಲಿ ಕ್ಷೇತ್ರಗಳ ಹೆಸರು ಒಂದರ ಹಿಂದೊಂದು ಓಡುತ್ತಿದ್ದವು. ನಮ್ಮದು ಬಂದು ಹೋಯಿತೇನೋ, ನಾನು ನೋಡಲಿಲ್ಲ. ಇನ್ನು ಮಗನಿಗೆ ಹೇಳಿಬಿಡಬಹುದಲ್ಲ ಆಯಿ, ಎಣಿಕೆಯೇ ನಡೆದಿದೆ ಎಂದೆ.

"ಹುಚ್ಚಿ," ಎಂದರು ಲಕ್ಕವ್ವ. "ಹೇಳಿದ್ರ ನಾಳಿಂದ ಅಂವ ಬರಂಗಿಲ್ಲ."